ಮಿಲಾನಿಗೆ ಹೊರಟ ಡಿಸೈನರ್‌ಗೆ: ಯಾವ ಹಳಹಳಿ ಹೊರಬಲ್ಲಿರಿ, ಮೊದಲೇ ಗೊತ್ತುಮಾಡಿಕೊಳ್ಳಿ

ಫ್ಯಾಷನ್ ಓದುತ್ತಿರುವ ಹುಡುಗ ಹುಡುಗಿಯರು ನನ್ನ ಸ್ಟುಡಿಯೋಗೆ ಬರುತ್ತಾರೆ. ಬಟ್ಟೆ ಮುಟ್ಟಿ ನೋಡುತ್ತಾರೆ, ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಇಡುವ ಕಾಗದದ ಅಚ್ಚು, ಕೇಳುತ್ತಾರೆ, ಸುತ್ತಿ ಬಳಸಿ ಕೊನೆಗೆ ಅಲ್ಲಿಗೇ ಬರುತ್ತಾರೆ: "ಮೇಡಂ, ಹೋಗಲಾ ಬೇಡವಾ? ನಿಮಗೆ ಪಶ್ಚಾತ್ತಾಪ ಇದೆಯಾ?" ಇದೆ. ಹೋದದ್ದಕ್ಕೂ ಇದೆ, ಮರಳಿ ಬಂದದ್ದಕ್ಕೂ ಅಷ್ಟಿಷ್ಟು ಇದೆ. ಹೋಗದೆ ಇಲ್ಲೇ ಉಳಿದ ನನ್ನ ಗೆಳತಿಯರಿಗೆ ಅವರದೇ ಹಳಹಳಿ. ಹಳಹಳಿಯೇ ಇಲ್ಲದ ದಾರಿ ಯಾವುದೆಂದು ಹುಡುಕುತ್ತ ಕೂತವರು ಎಲ್ಲಿಗೂ ಹೋಗಿಲ್ಲ. ಆದರೆ ಯಾವುದನ್ನು ಹೊತ್ತು ಬದುಕಬಲ್ಲೆ, ಯಾವುದನ್ನು ಹೊರಲಾರೆ ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಅದಕ್ಕೆ ಏನೇನು ಮಾಡಬೇಕೆಂದು ಬರೆಯುತ್ತಿದ್ದೇನೆ. ನಾನು ದುಡಿದದ್ದು ಮಿಲಾನಿನಲ್ಲಿ, ಹಾಗಾಗಿ ನಿಯಮಗಳೆಲ್ಲ ಇಟಲಿಯವು. ಲಂಡನ್ನಿಗೋ ಪ್ಯಾರಿಸ್ಸಿಗೋ ಹೋಗುವವರು ಕಾಗದಪತ್ರದ ಭಾಗ ಬಿಟ್ಟು ಉಳಿದದ್ದನ್ನು ಓದಿಕೊಳ್ಳಿ.

ಮೊದಲು ಒಂದು ಹಾಳೆ

ವೀಸಾ ಅರ್ಜಿಗೆ ಕೈ ಹಾಕುವ ಮೊದಲು ಒಂದು ಹಾಳೆಯ ಮೇಲೆ ಬರೆಯಿರಿ: ನಾನು ಅಲ್ಲಿ ಕೈಯಾರೆ ಏನು ಕಲಿಯಲು ಹೋಗುತ್ತಿದ್ದೇನೆ? "ಫ್ಯಾಷನ್ ಕಲಿಯಲು" ಎಂದು ಬರೆದಿದ್ದರೆ ಹೊಡೆದು ಹಾಕಿ. "ಹೆಂಗಸರ ಟೈಲರ್ಡ್ ಜಾಕೆಟ್‌ಗೆ ಪ್ಯಾಟರ್ನ್ ಕತ್ತರಿಸಲು", "ರೇಷ್ಮೆಯನ್ನು ಓರೆ ಎಳೆಯಲ್ಲಿ ಕತ್ತರಿಸಿ ಮೈಗೆ ಇಳಿಬಿಡಲು", "ನಿಟ್‌ವೇರ್ ಯಂತ್ರಕ್ಕೆ ಪ್ರೋಗ್ರಾಂ ಬರೆಯಲು" ಎಂಬಷ್ಟು ಖಚಿತವಾಗಿರಬೇಕು. ಅದರ ಕೆಳಗೆ, ಏನೇ ಕೆಲಸವಿದ್ದರೂ ಬಿಟ್ಟು ಯಾರಿಗಾಗಿ ಊರಿಗೆ ಓಡಿ ಬರುತ್ತೀರಿ ಎಂದು ಒಬ್ಬೊಬ್ಬರದೇ ಹೆಸರು ಬರೆಯಿರಿ. "ಮನೆಯವರು" ಎಂದು ಒಟ್ಟಾರೆ ಬರೆದರೆ ಆ ಹೊತ್ತಿಗೆ ಮನಸ್ಸು ಏನಾದರೊಂದು ನೆಪ ಹುಡುಕುತ್ತದೆ. ಕೊನೆಗೆ, ಯಾವ ಸ್ಥಿತಿ ಬಂದರೆ ಗಂಟುಮೂಟೆ ಕಟ್ಟುತ್ತೀರಿ ಎಂಬುದನ್ನೂ ಬರೆಯಿರಿ.

ಇಟಲಿಯಲ್ಲಿ ವಿದ್ಯಾರ್ಥಿಯ ವಾಸದ ಪರವಾನಗಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ನವೀಕರಣಕ್ಕೆ ಬರುತ್ತದೆ. ಆ ಅರ್ಜಿ ತುಂಬುವ ದಿನವೇ ಈ ಹಾಳೆಯನ್ನೂ ತೆಗೆದು ಓದಿ. ಮೇಲಿನ ಸಾಲಿನ ವಿದ್ಯೆ ಕೈಗೆ ಹತ್ತುತ್ತಿಲ್ಲ, ಬರೀ ಫೈಲು ಜೋಡಿಸಿಕೊಂಡು ಕಾಫಿ ತಂದುಕೊಟ್ಟುಕೊಂಡು ವರ್ಷ ಕಳೆದಿದೆ ಎಂದರೆ ಕೆಲಸದ ಜಾಗ ಬದಲಿಸಿ. ಇನ್ನೂ ಒಂದು ವರ್ಷ ಹಾಗೇ ಕಳೆದರೆ ವಾಪಸ್ ಬನ್ನಿ. ಊರಲ್ಲಿ ಯಾರು ಏನನ್ನುತ್ತಾರೋ ಎಂದು ಅಲ್ಲೇ ಉಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ಅವರ ಕೈಯಲ್ಲಿ ಕೆಲಸವೂ ಇಲ್ಲ, ಮುಖದಲ್ಲಿ ಕಳೆಯೂ ಇಲ್ಲ.

ಮನೆಯಲ್ಲಿರುವುದನ್ನು ದಾಖಲಿಸಿ

ಇದು ಎಲ್ಲಕ್ಕಿಂತ ಮುಖ್ಯ, ಮತ್ತು ಯಾರೂ ಮಾಡುವುದಿಲ್ಲ. ಹೊರಡುವ ಮುನ್ನ ಒಂದೆರಡು ತಿಂಗಳು ಬಿಡುವು ಮಾಡಿಕೊಂಡು ನಿಮ್ಮ ಮನೆತನದ, ನಿಮ್ಮ ಊರಿನ ಕೈಕೆಲಸವನ್ನು ಬರೆದಿಟ್ಟುಕೊಳ್ಳಿ. ನಮ್ಮದು ಧಾರವಾಡ. ನನಗೆ ಕಸೂತಿ ಕಲಿಸಿದ್ದು ದೊಡ್ಡವ್ವ. ಹಾಗಾಗಿ ಕಸೂತಿಯನ್ನೇ ಉದಾಹರಣೆಗೆ ಹೇಳುತ್ತೇನೆ.

ಹಳೆಯ ಸೀರೆ, ಕುಪ್ಪಸ, ಕುಲಾವಿ ಏನು ಸಿಕ್ಕರೂ ಬೆಳಕಿಗೆ ಹಿಡಿದು ಮುಂಬದಿ ಹಿಂಬದಿ ಎರಡರ ಫೋಟೋ ತೆಗೆಯಿರಿ, ಪಕ್ಕದಲ್ಲೊಂದು ಅಳತೆಪಟ್ಟಿ ಇರಲಿ. ಹೊಲಿಗೆ ಗವಂತಿ ಆಗಿದ್ದರೆ ಎರಡೂ ಬದಿ ಒಂದೇ ಥರ ಕಾಣಬೇಕು. ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗ ತುಂಬಿರುತ್ತದೆ, ಎಲ್ಲೂ ಗಂಟು ಇರುವುದಿಲ್ಲ. ಮುರಗಿ ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ. ನೇಗಿ ಮಗ್ಗದಲ್ಲೇ ನೇಯ್ದಂತೆ ಕಾಣುವ ಉದ್ದನೆಯ ಎಳೆ. ಮೆಂತಿ ಕತ್ತರಿ ಹೊಲಿಗೆ, ತುಂಬು ಕೆಲಸಕ್ಕೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಹೋಗಬೇಕು. ಆದ್ದರಿಂದ ಗ್ರಾಫ್ ಹಾಳೆಯಲ್ಲಿ ಒಂದು ಹೊಲಿಗೆಗೆ ಒಂದು ಮನೆಯಂತೆ ಇಳಿಸಿ, ಒಂದು ಹೊಲಿಗೆ ಎಷ್ಟು ಎಳೆ ದಾಟಿದೆ ಎಂದು ಅಂಚಿನಲ್ಲಿ ಬರೆಯಿರಿ. ಗೋಪುರವೋ, ತೇರೋ, ತುಳಸಿಕಟ್ಟೆಯೋ, ಆನೆಯೋ, ಹೆಸರನ್ನು ಹೊಲಿದವರ ಬಾಯಿಂದಲೇ ಕೇಳಿ. ಯಾವ ಸೀರೆಗೆ, ಯಾವ ಸಂದರ್ಭಕ್ಕೆ, ಎಷ್ಟು ದಿನ ಹಿಡಿಯಿತು ಎಂದು ಅವರು ಹೇಳುತ್ತಿರುವಾಗ ಫೋನಿನಲ್ಲಿ ದನಿ ಮುದ್ರಿಸಿಕೊಳ್ಳಿ. ಗುಳೇದಗುಡ್ಡದವರಾದರೆ ಖಣ, ಸಂಡೂರಿನವರಾದರೆ ಲಂಬಾಣಿ ಕೆಲಸ, ಮೊಳಕಾಲ್ಮೂರಿನವರಾದರೆ ರೇಷ್ಮೆ. ಕ್ರಮ ಇದೇ.

ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಅಲ್ಲಿನ ಡಿಸೈನ್ ಮೇಜಿನ ಮೇಲೆ ನಮ್ಮ ಕೆಲಸದ ಚಿತ್ರಗಳು ಊರು ಹೆಸರಿಲ್ಲದೆ ಬಿದ್ದಿರುತ್ತವೆ. 2025ರ ಜೂನ್‌ನಲ್ಲಿ ಮಿಲಾನಿನ ಪುರುಷರ ಪ್ರದರ್ಶನದಲ್ಲಿ ಇಟಲಿಯ ಫ್ಯಾಷನ್ ಸಂಸ್ಥೆ ಪ್ರಾಡಾ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿ ಹಾಕಿಸಿ ನಡೆಸಿತು, ಭಾರತದ ಹೆಸರು ಎತ್ತಲಿಲ್ಲ. ಗದ್ದಲ ಎದ್ದ ಮೇಲೆ ಅದು ಭಾರತದ ಕೈಕೆಲಸದಿಂದ ಸ್ಫೂರ್ತಿ ಪಡೆದದ್ದು ಎಂದು ಒಪ್ಪಿಕೊಂಡಿತು. ಆ ಚಪ್ಪಲಿಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಮಹಾರಾಷ್ಟ್ರದ ಜಿಲ್ಲೆಗಳಷ್ಟೇ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸೇರಿದ್ದು. ನಮ್ಮ ಪತ್ರಿಕೆಗಳಲ್ಲೇ ಎಷ್ಟೋ ಕಡೆ ಆ ಮಾತು ಬರಲಿಲ್ಲ ಎಂಬುದು ನನಗೆ ಇನ್ನೂ ಸಿಟ್ಟು. ನೀವು ಆ ಮೇಜಿನ ಸುತ್ತ ಕೂತಿರುವಾಗ ಇಂಥ ಚಿತ್ರ ಬಂದರೆ ಪೆನ್ನು ತೆಗೆದು ಅದರ ಕೆಳಗೆ ಊರು, ಕಲೆಯ ಹೆಸರು, ಜಿಐ ಇದೆ ಎಂದು ಬರೆದುಬಿಡಿ. ವಾದ ಮಾಡಬೇಕಾಗಿಲ್ಲ. ಕಾಗದದ ಮೇಲೆ ಬಂದದ್ದನ್ನು "ಗೊತ್ತಿರಲಿಲ್ಲ" ಎನ್ನಲು ಯಾರಿಗೂ ಆಗುವುದಿಲ್ಲ. ಹಾಗೆ ಬರೆಯಬೇಕಾದರೆ ನಿಮಗೆ ಮೊದಲು ಗೊತ್ತಿರಬೇಕು.

ಶಾಲೆ ಮತ್ತು ದುಡ್ಡು

ಮಿಲಾನಿನ ಹೆಸರುವಾಸಿ ಖಾಸಗಿ ಫ್ಯಾಷನ್ ಶಾಲೆಗಳಲ್ಲಿ ಹೊರದೇಶದವರಿಗೆ ವರ್ಷದ ಶುಲ್ಕ 20,000 ಯೂರೋ ಆಸುಪಾಸಿನಲ್ಲಿ ಓಡಾಡುತ್ತದೆ, ಕೆಲವೆಡೆ ಇನ್ನೂ ಹೆಚ್ಚು. ಮನೆ ಅಡವಿಟ್ಟು ಅಲ್ಲಿಗೆ ಹೋಗಬೇಡಿ. ಸಾಲದ ಕಂತು ತಲೆಯ ಮೇಲಿದ್ದರೆ ಯಾವ ಕೆಲಸ ಕಲಿಸುತ್ತದೆ ಎಂದು ನೋಡುವ ಸ್ವಾತಂತ್ರ್ಯವೇ ಇರುವುದಿಲ್ಲ, ಯಾವುದು ಸಂಬಳ ಕೊಡುತ್ತದೆ ಎಂದಷ್ಟೇ ನೋಡುತ್ತೀರಿ. ಸರ್ಕಾರಿ ವಿಶ್ವವಿದ್ಯಾಲಯವಾದ ಪೊಲಿತೆಕ್ನಿಕೊ ದಿ ಮಿಲಾನೊದಲ್ಲಿ ಫ್ಯಾಷನ್‌ಗೆಂದೇ ಡಿಸೈನ್ ಸ್ನಾತಕೋತ್ತರ ಪದವಿ ಇದೆ, ಶುಲ್ಕ ಹೆಚ್ಚೆಂದರೆ ವರ್ಷಕ್ಕೆ 4,000 ಯೂರೋ ಸುಮಾರು, ಮನೆಯ ಆದಾಯ ಕಡಿಮೆಯಿದ್ದರೆ ಅದಕ್ಕೂ ಕಡಿಮೆ. ಪ್ರಾದೇಶಿಕ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಆದಾಯದ ದಾಖಲೆಗಳನ್ನು ಇಟಾಲಿಯನ್‌ಗೆ ಅನುವಾದ ಮಾಡಿಸಿ ದೃಢೀಕರಿಸುವ ಕೆಲಸ ನಿಧಾನ, ಬೇಗ ಶುರುಮಾಡಿ.

ಯಾವ ಶಾಲೆಯಾದರೂ ಸರಿ, ಒಂದು ವಿಷಯ ಬರಹದಲ್ಲಿ ಕೇಳಿ ತಿಳಿದುಕೊಳ್ಳಿ: ಈ ಪದವಿಗೆ ಇಟಲಿಯ ವಿಶ್ವವಿದ್ಯಾಲಯ ಸಚಿವಾಲಯದ ಮಾನ್ಯತೆ ಇದೆಯೇ? ಮಾನ್ಯತೆ ಇರುವ ಪದವಿ ಮುಗಿಸಿದರೆ ಕೆಲಸ ಹುಡುಕಲು 12 ತಿಂಗಳವರೆಗೆ ಪರವಾನಗಿ ಸಿಗುತ್ತದೆ. ಇಲ್ಲದಿದ್ದರೆ ಆ ಬಾಗಿಲು ಮುಚ್ಚಿಹೋಗಬಹುದು. ಏಜೆಂಟರು ಇದನ್ನು ತಾವಾಗಿ ಹೇಳುವುದಿಲ್ಲ.

ಓದುವಾಗ ವಾರಕ್ಕೆ 20 ಗಂಟೆ, ವರ್ಷಕ್ಕೆ ಒಟ್ಟು 1,040 ಗಂಟೆ ದುಡಿಯಲು ಅವಕಾಶವಿದೆ. ಮಿಲಾನಿನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ ತಿಂಗಳಿಗೆ 600 ಯೂರೋ ದಾಟುವುದು ಮಾಮೂಲು, ಅದರ ಮೇಲೆ ಮುಂಗಡ. ಕೋರ್ಸಿನ ಭಾಗವಾಗಿ ಮಾಡುವ ಇಂಟರ್ನ್‌ಶಿಪ್‌ಗೆ ಹಣ ಕೊಡಲೇಬೇಕೆಂಬ ಕಾನೂನಿಲ್ಲ. ಅದನ್ನೇ ಹಿಡಿದುಕೊಂಡು ದೊಡ್ಡ ದೊಡ್ಡ ಫ್ಯಾಷನ್ ಸಂಸ್ಥೆಗಳು ಎಳೆಯರನ್ನು ಬಿಟ್ಟಿ ದುಡಿಸಿಕೊಳ್ಳುತ್ತವೆ. ಇದು ಅನ್ಯಾಯ. ನಾನು ಅಲ್ಲಿದ್ದಾಗಲೂ ಎದುರಿಗೇ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಮಾಡಲೇಬೇಕೆಂದರೆ ಪ್ಯಾಟರ್ನ್ ಕೋಣೆಯಲ್ಲಿ ಮಾಡಿ, ಪ್ರೆಸ್ ಆಫೀಸಿನಲ್ಲಿ ಬೇಡ.

ಇಳಿದ ಮೇಲೆ 8 ಕೆಲಸದ ದಿನಗಳೊಳಗೆ ಪೆರ್ಮೆಸ್ಸೊ ದಿ ಸೊಜ್ಜೊರ್ನೊ ಎಂಬ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅಂಚೆ ಕಚೇರಿಯಲ್ಲಿ ಕಿಟ್ ಸಿಗುತ್ತದೆ, 16 ಯೂರೋ ಸ್ಟಾಂಪು ಅಂಟಿಸಬೇಕು, ಆಮೇಲೆ ಕ್ವೆಸ್ತೂರಾ ಎಂಬ ಪೊಲೀಸ್ ಕಚೇರಿಯಲ್ಲಿ ಬೆರಳಚ್ಚು. ಕೋದಿಚೆ ಫಿಸ್ಕಾಲೆ ಎಂಬ ತೆರಿಗೆ ಸಂಖ್ಯೆ ಇಲ್ಲದೆ ಬಾಡಿಗೆ ಕರಾರೂ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಎಲ್ಲದರ ನಕಲು ಎರಡೆರಡು ಇಟ್ಟುಕೊಳ್ಳಿ.

ಪ್ಯಾಟರ್ನ್ ಕೋಣೆಯಲ್ಲಿ ಜಾಗ ಹಿಡಿಯುವುದು

ಅಲ್ಲಿ ನನಗೆ ಸಿಕ್ಕ ನಿಜವಾದ ವಿದ್ಯೆ ಮೊದೆಲ್ಲಿಸ್ತಾಗಳ ಕೈಯಿಂದ ಬಂದದ್ದು, ಅಂದರೆ ಪ್ಯಾಟರ್ನ್ ಕತ್ತರಿಸುವವರಿಂದ. ಅವರು ಪತ್ರಿಕೆಗಳಲ್ಲಿ ಬರುವುದಿಲ್ಲ. ಇಂಗ್ಲಿಷ್ ಅಷ್ಟಾಗಿ ಆಡುವುದಿಲ್ಲ. ಆದ್ದರಿಂದ ಹೊರಡುವ ಮುನ್ನವೇ ಇಟಾಲಿಯನ್ ಕಲಿಯಿರಿ, ಹೋಟೆಲಿನ ಇಟಾಲಿಯನ್ ಸಾಲದು. ಹೊಲಿಗೆ, ಅಸ್ತರು, ಮಡಿಕೆ, ನೇರ ಎಳೆ, ಕಚ್ಚಾ ಹೊಲಿಗೆ, ಇವುಗಳ ಹೆಸರು ನಾಲಿಗೆಯ ತುದಿಯಲ್ಲಿರಬೇಕು.

ನನಗೆ ತೋಳು ಕೂಡಿಸಲು ಕಲಿಸಿದ ಹೆಂಗಸು ತಾಳ್ಮೆಯವಳು, ಆದರೆ ಒಂದು ನೆರಿಗೆಯನ್ನೂ ಬಿಡುತ್ತಿರಲಿಲ್ಲ. ಟೈಲರ್ಡ್ ಜಾಕೆಟ್ಟಿನಲ್ಲಿ ತೋಳಿನ ತಲೆಯ ಸುತ್ತಳತೆ ಭುಜದ ಕುಣಿಯ ಸುತ್ತಳತೆಗಿಂತ ಮೂರು ನಾಲ್ಕು ಸೆಂಟಿಮೀಟರ್ ಹೆಚ್ಚಿರುತ್ತದೆ. ಆ ಹೆಚ್ಚುವರಿ ಬಟ್ಟೆಯನ್ನು ಕಣ್ಣಿಗೆ ಕಾಣದಂತೆ ಒಳಗೆ ಅಡಗಿಸಬೇಕು. ಹೊಲಿಗೆ ಗೆರೆಯ ಪಕ್ಕ ಎರಡು ಸಾಲು ಸಣ್ಣ ಕಚ್ಚಾ ಹೊಲಿಗೆ ಹಾಕಿ, ದಾರ ಮೆಲ್ಲಗೆ ಎಳೆದು, ದುಂಡು ದಿಂಬಿನ ಮೇಲಿಟ್ಟು ಹಬೆ ಕೊಟ್ಟರೆ ಉಣ್ಣೆ ಕುಗ್ಗಿ ತಾನೇ ಬಾಗುತ್ತದೆ. ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಅದಕ್ಕೆ ಪ್ಯಾಟರ್ನಿನಲ್ಲೇ ಆ ಹೆಚ್ಚುವರಿಯನ್ನು ಕಡಿಮೆ ಮಾಡಬೇಕು. ಆಮೇಲೆ ಅವಳು ಜಾಕೆಟ್ಟನ್ನು ಸ್ಟ್ಯಾಂಡಿಗೆ ಹಾಕಿ ದೂರ ನಿಂತು ತೋಳಿನ ನೇರ ಎಳೆಯನ್ನು ನೋಡುವಳು. ಮನುಷ್ಯನ ತೋಳು ಸ್ವಲ್ಪ ಮುಂದಕ್ಕೆ ಇಳಿಬಿದ್ದಿರುತ್ತದೆ, ಜಾಕೆಟ್ಟಿನ ತೋಳೂ ಹಾಗೇ ಇಳಿಯಬೇಕು. ಹಿಂದಕ್ಕೆ ಸರಿದಿದ್ದರೆ ಮಾತಿಲ್ಲದೆ ಹೊಲಿಗೆ ಬಿಚ್ಚಿ ಕೈಗೆ ಕೊಡುವಳು. ಈ ಒಂದು ಕೆಲಸಕ್ಕಾಗಿಯೇ ಹೋಗಿದ್ದೆ ಎಂದರೂ ನನಗೆ ಹೋದದ್ದು ಸಾರ್ಥಕ. ಹೀಗೆ ಕಲಿತದ್ದನ್ನು ಅಂದಂದೇ ಬರೆದಿಡಿ. ಕಂಪನಿಯ ಪ್ಯಾಟರ್ನನ್ನು ನಕಲು ಮಾಡುವಂತಿಲ್ಲ, ಅದು ಕಳವು. ನಿಮ್ಮ ಕೈಗೆ ಹತ್ತಿದ ಕ್ರಮ ನಿಮ್ಮದೇ.

ಅಲ್ಲಿ ನಿಮ್ಮ ಮೈಬಣ್ಣ ನೋಡಿ ಕಸೂತಿ, ಮಣಿ, ಜರಿ ಎಲ್ಲ ನಿಮ್ಮ ಮೇಜಿಗೇ ತಳ್ಳುತ್ತಾರೆ. ಸಂತೋಷದಿಂದ ಮಾಡಿ, ಆದರೆ ಅದಷ್ಟನ್ನೇ ಮಾಡಬೇಡಿ. "ನನಗೆ ಈ ಸೀಸನ್ನಿನಲ್ಲಿ ಎರಡು ಕೋಟು ಬೇಕು" ಎಂದು ಹೆಸರು ಹೇಳಿ ಕೇಳಿ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಇನ್ನೊಂದು, ಕೆಲಸದ ಕರಾರಿಗೆ ಸಹಿ ಹಾಕುವ ಮುನ್ನ ನೀವು ಬಿಡಿಸಿದ್ದು ಯಾರದ್ದಾಗುತ್ತದೆ ಎಂದು ಓದಿ. ಬಹುಪಾಲು ಕರಾರುಗಳಲ್ಲಿ ಅದು ಸಂಸ್ಥೆಯದೇ. ವರ್ಷಗಟ್ಟಲೆ ದುಡಿದು ಹೊರಬಂದಾಗ ತೋರಿಸಲು ಒಂದು ಚಿತ್ರವೂ ಇಲ್ಲದೆ ನಿಂತವರ ಸಂಕಟ ನಾನು ಬಲ್ಲೆ. ಪ್ರದರ್ಶನ ಆಗಿ ಬಟ್ಟೆ ಅಂಗಡಿಗೆ ಬಂದ ಮೇಲೆ ಇಂತಿಂಥ ತುಂಡುಗಳಲ್ಲಿ ನನ್ನ ಪಾಲು ಇಷ್ಟು ಎಂದು ಪೋರ್ಟ್‌ಫೋಲಿಯೋದಲ್ಲಿ ಹೇಳಿಕೊಳ್ಳಬಹುದೇ ಎಂದು ಮೇಲ್ ಹಾಕಿ ಒಪ್ಪಿಗೆ ತೆಗೆದುಕೊಳ್ಳಿ. ಕೆಲಸದಲ್ಲಿದ್ದಾಗಲೇ ಕೇಳಿ. ಬಿಟ್ಟ ಮೇಲೆ ಉತ್ತರ ಬರುವುದಿಲ್ಲ.

ಊರಿನ ಫೋನು

ದೊಡ್ಡವ್ವ ತೀರಿಕೊಂಡದ್ದು ಫೆಬ್ರವರಿಯಲ್ಲಿ, ಪ್ರದರ್ಶನದ ವಾರ. ಮೇಲಿನವರು "ಶೋ ಮುಗಿಸಿ ಹೋಗು" ಅಂದರು. ನಾನು ಉಳಿದೆ. ನನ್ನಿಂದ ಹೊರಲಾಗದ ಹಳಹಳಿ ಅದೊಂದೇ. ಅದಕ್ಕೇ ಆ ಹಾಳೆಯಲ್ಲಿ ಹೆಸರು ಬರೆಯಿರಿ ಎಂದದ್ದು. ಅಂಥ ಹೊತ್ತಿನಲ್ಲಿ ಯೋಚಿಸಲು ತಲೆ ಓಡುವುದಿಲ್ಲ, ಮೊದಲೇ ಬರೆದದ್ದನ್ನು ಪಾಲಿಸುವುದಷ್ಟೇ ಸಾಧ್ಯ. ಫೆಬ್ರವರಿ ಮತ್ತು ಸೆಪ್ಟೆಂಬರ್, ಹೆಂಗಸರ ಫ್ಯಾಷನ್ ವೀಕ್ ನಡೆಯುವ ಈ ಎರಡು ತಿಂಗಳಲ್ಲೂ ತುರ್ತು ಟಿಕೆಟ್ಟಿಗೆ ಸಾಲುವಷ್ಟು ಹಣ ಬೇರೆಯೇ ಇಟ್ಟಿರಿ, ಏನೇ ಬಂದರೂ ಮುಟ್ಟಬೇಡಿ.

ಪರವಾನಗಿ ನವೀಕರಣದಲ್ಲಿದೆ, ಕಾರ್ಡು ಇನ್ನೂ ಕೈಗೆ ಬಂದಿಲ್ಲ ಎಂದು ಎಷ್ಟೋ ಜನ ಹೊರಡಲು ಹೆದರುತ್ತಾರೆ. ಹೆದರಬೇಡಿ. ಅಂಚೆ ಕಚೇರಿಯ ರಸೀದಿ, ಹಳೆಯ ಕಾರ್ಡು, ಪಾಸ್‌ಪೋರ್ಟು ಇದ್ದರೆ ಊರಿಗೆ ಹೋಗಿ ಬರಬಹುದು, ಆದರೆ ಬೇರೆ ಷೆಂಗೆನ್ ದೇಶದ, ಅಂದರೆ ಒಂದೇ ವೀಸಾ ವ್ಯವಸ್ಥೆಯ ಯುರೋಪಿನ ದೇಶದ, ಮೂಲಕ ಹಾಯುವಂತಿಲ್ಲ. ಫ್ರಾಂಕ್‌ಫರ್ಟ್, ಪ್ಯಾರಿಸ್ ಬೇಡ. ಮಿಲಾನಿನಿಂದ ನೇರ ವಿಮಾನ, ಇಲ್ಲವೇ ದುಬೈ, ದೋಹಾ ಮಾರ್ಗ.

ಆಗಸ್ಟಿನಲ್ಲಿ ಇಟಲಿಯೇ ಬಾಗಿಲು ಹಾಕುತ್ತದೆ, 15ನೇ ತಾರೀಖಿನ ಫೆರ್ರಾಗೋಸ್ತೊ ಹಬ್ಬದ ಆಚೀಚೆ ಮಿಲಾನ್ ಖಾಲಿ. ಪ್ರತಿ ವರ್ಷ ಆ ದಿನಗಳನ್ನು ಊರಿಗೇ ಮೀಸಲಿಡಿ. ಸಹೋದ್ಯೋಗಿಗಳು ಕಡಲತೀರಕ್ಕೆ ಕರೆಯುತ್ತಾರೆ, ಒಂದು ವರ್ಷ ಹೋಗಿ, ಪ್ರತಿ ವರ್ಷವಲ್ಲ.

ಮರಳುವವರಿಗೆ

ಸಿಟ್ಟಿನಲ್ಲಿ ಮರಳಬೇಡಿ. ಒಂದು ಸೀಸನ್ ಕೆಟ್ಟುಹೋದ ಕೂಡಲೇ ಟಿಕೆಟ್ ಮಾಡಿದವರು ಇಲ್ಲಿಗೆ ಬಂದು ವರ್ಷಗಟ್ಟಲೆ ಮಿಲಾನಿನ ಮಾತನ್ನೇ ಆಡುತ್ತಿರುತ್ತಾರೆ. ಕೆಲಸ ಚೆನ್ನಾಗಿ ನಡೆಯುತ್ತಿರುವಾಗ, ಹಾಳೆಯ ಮೇಲಿನ ಸಾಲು ಪೂರೈಸಿದೆ ಎನ್ನಿಸಿದಾಗ ಹೊರಡಿ.

ಕೆಲಸ ಬಿಡುವಾಗ ಟಿಎಫ್‌ಆರ್ ಎಂಬ ಇಡುಗಂಟು ಬರುತ್ತದೆ, ಹೆಚ್ಚು ಕಡಿಮೆ ವರ್ಷಕ್ಕೊಂದು ತಿಂಗಳ ಸಂಬಳ. ಕೇಳಿ ಪಡೆಯಿರಿ. ಐಎನ್‌ಪಿಎಸ್ ಎಂಬ ಇಟಲಿಯ ಸಾಮಾಜಿಕ ಭದ್ರತಾ ಸಂಸ್ಥೆಗೆ ಕಟ್ಟಿದ ಪಿಂಚಣಿ ವಂತಿಗೆ ದೇಶ ಬಿಟ್ಟ ಮಾತ್ರಕ್ಕೆ ಕಳೆದುಹೋಗುವುದಿಲ್ಲ, ಸಂಬಳದ ಚೀಟಿಗಳನ್ನೆಲ್ಲ ಜೋಪಾನ ಮಾಡಿ. ಐದು ವರ್ಷ ದಾಟಿ ದೀರ್ಘಾವಧಿ ಪರವಾನಗಿ ಪಡೆದಿದ್ದರೆ, ಐರೋಪ್ಯ ಒಕ್ಕೂಟದಿಂದ ಸತತ 12 ತಿಂಗಳು ಹೊರಗಿದ್ದರೆ ಅದು ಹೋಗುತ್ತದೆ. ಬಂದು ಎಂಟು ಹತ್ತು ತಿಂಗಳಿಗೆ ಬಟ್ಟೆ ಖರೀದಿಯ ನೆಪದಲ್ಲಾದರೂ ಒಮ್ಮೆ ಹೋಗಿಬಂದರೆ ಎರಡೂ ಬಾಗಿಲು ತೆರೆದಿರುತ್ತವೆ. ಪೌರತ್ವಕ್ಕೆ ಹತ್ತು ವರ್ಷ ಕಾಯಬೇಕು, ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಆ ನಿರ್ಧಾರ ಮಾತ್ರ ಯಾರ ಸಲಹೆ ಕೇಳಿಯೂ ಮಾಡಬೇಡಿ.

ಬಂದ ಮೇಲೆ ಎಲ್ಲರೂ ಓಡುವುದು ಮಗ್ಗದ ಕಡೆಗೆ, ಮತ್ತು ಎಲ್ಲರೂ ಮಿಲಾನಿನ ದರ್ಪ ತೋರಿಸುವುದು ಅಲ್ಲೇ. ಇಳಕಲ್ಲಿಗೆ ಹೋಗಿ "ಹತ್ತು ಮೀಟರ್ ಸ್ಯಾಂಪಲ್ ಕೊಡಿ, ಸೆರಗಿನ ಕೆಲಸವೂ ಇರಲಿ" ಎನ್ನುತ್ತಾರೆ. ಅಲ್ಲಿನ ಟೋಪ್ ತೆನಿ ಸೀರೆಯಲ್ಲಿ ಮೈಯ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಹೋಗುವ ಎಳೆಗಳು, ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಕೊಂಡಿ ಹಾಕಿ ಒಂದಕ್ಕೊಂದು ಸಿಕ್ಕಿಸಿ ಆಮೇಲೆ ಮಗ್ಗಕ್ಕೆ ಏರಿಸಬೇಕು, ಸೀರೆ ಸೀರೆಗೂ ಹಾಸು ಹೊಸದಾಗಿ ತಯಾರಾಗಬೇಕು. ಆ ಕೊಂಡಿ ಕೂಡಿಸುವುದನ್ನು ಒಂದು ದಿನ ಪಕ್ಕದಲ್ಲಿ ಕೂತು ನೋಡಿ, ಆಮೇಲೆ ಬೆಲೆ ಮಾತಾಡಿ. ಜಾಕೆಟ್ಟಿಗೆ ಬಟ್ಟೆ ಬೇಕಿದ್ದರೆ ಸೆರಗಿಲ್ಲದ ಮೈಬಟ್ಟೆಯನ್ನು ಇಡೀ ಹಾಸಿನ ಲೆಕ್ಕದಲ್ಲಿ ತೆಗೆದುಕೊಳ್ಳಿ. ಸೆರಗು ಬೇಕಿದ್ದರೆ ಇಡೀ ಸೀರೆ ಕೊಳ್ಳಿ, ಅದರ ಉದ್ದ ಅಗಲಕ್ಕೆ ಹೊಂದುವಂತೆ ನಿಮ್ಮ ಪ್ಯಾಟರ್ನ್ ಬದಲಿಸಿ. ಮಗ್ಗವನ್ನು ಪ್ಯಾಟರ್ನಿಗೆ ಬಗ್ಗಿಸಲು ಹೋಗಬೇಡಿ. ನೂಲಿನ ಹಣ ಮುಂಗಡ ಕೊಡಿ. ಬಹಳಷ್ಟು ನೇಕಾರರು ಸಾವಕಾರರಿಂದ ನೂಲು ತಂದು ಕೂಲಿಗೆ ನೇಯುವವರು, ನಿಮ್ಮ ಆರ್ಡರಿಗಾಗಿ ಅವರು ಆ ಕೂಲಿ ಕಳೆದುಕೊಳ್ಳಬಾರದು.

ನಿಮ್ಮ ಬಟ್ಟೆಯ ಒಳಗೆ ಹೊಲಿಯುವ ಪಟ್ಟಿಯಲ್ಲಿ "ಮಿಲಾನ್" ಎಂದು ಹಾಕಬೇಡಿ, ಅಲ್ಲಿ ನೇಯ್ದದ್ದೂ ಅಲ್ಲ, ಹೊಲಿದದ್ದೂ ಅಲ್ಲ. ನಿಮ್ಮ ಹೆಸರಿನ ಕೆಳಗೆ ನೇಯ್ದವರ ಹೆಸರು, ಕಸೂತಿ ಇದ್ದರೆ ಕಸೂತಿ ಹಾಕಿದವರ ಹೆಸರು, ಊರು. ಅವರನ್ನು ಕೇಳಿ, ಒಪ್ಪಿದ ಕಾಗುಣಿತದಲ್ಲೇ ಬರೆಸಿ. ಮುದ್ರಿಸುವ ಪಟ್ಟಿಗಿಂತ ನೇಯ್ದ ಪಟ್ಟಿಗೆ ಖರ್ಚು ಹೆಚ್ಚು, ಆದರೆ ತೊಳೆದರೂ ಅಕ್ಷರ ಹೋಗುವುದಿಲ್ಲ. ನೇಯ್ದದ್ದನ್ನೇ ಮಾಡಿಸಿ.